ಸಿಹಿತಿಂಡಿ, ಮೂರು ಮನೆ: ಹೋಳಿಗೆಯೋ ಒಬ್ಬಟ್ಟೋ?

ಪ್ರಶ್ನೆ: ಪದಬಂಧದಲ್ಲಿ ತಿಂಡಿ, ದಿನಸಿ ಸಾಮಾನಿನ ಸುಳಿವು ಬಂದರೆ ನಾನು ಅಲ್ಲೇ ನಿಂತುಬಿಡುತ್ತೇನೆ. ‘ಸಿಹಿತಿಂಡಿ, 3 ಮನೆ’ ಅಂದರೆ ಏನೇನೋ ಹೊಳೆಯುತ್ತದೆ. ಸರಿ ಉತ್ತರ ತಿಳಿಯುವುದು ಹೇಗೆ?
– ಸೋಮವಾರಪೇಟೆಯ ಓದುಗರು

ಅಷ್ಟೇ ಸುಳಿವಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹೋಳಿಗೆ, ಒಬ್ಬಟ್ಟು, ಕಜ್ಜಾಯ, ಪಾಯಸ, ಚಿರೋಟಿ, ಜಿಲೇಬಿ ಎಲ್ಲವೂ ಮೂರೇ ಅಕ್ಷರ. ಸುಮ್ನೆ ಊಹಿಸಿ ಬರೆಯಬೇಡಿ. ಅದನ್ನು ಹಾಯುವ ಪದಗಳನ್ನು ಮೊದಲು ತುಂಬಿಸಿ. ಮೇಲಿನಿಂದ ಇಳಿದ ‘ಹಬ್ಬ’ದ ‘ಬ್ಬ’ ನಡುಮನೆಗೆ ಬಂತೋ, ಅದು ಒಬ್ಬಟ್ಟೇ. ಒತ್ತು, ಕಾಗುಣಿತ, ಸೊನ್ನೆ ಎಲ್ಲ ಸೇರಿ ಒಂದೇ ಮನೆ ಆಗುವುದರಿಂದ, ಕನ್ನಡದಲ್ಲಿ ಒಂದು ಒತ್ತಕ್ಷರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಪಂದಿಕರಿಗೆ, ಅಂದರೆ ಹಂದಿಮಾಂಸದ ಸಾರಿಗೆ, ಹಾಕುವ ನಮ್ಮ ಕೊಡಗಿನ ಹುಳಿ ಕಾಚಂಪುಳಿಯನ್ನೇ ಎಣಿಸಿ: ಕಾ, ಚಂ, ಪು, ಳಿ. ನಾಲ್ಕು. ಕರ್ಪೂರ ಮೂರೇ: ಕ, ರ್ಪೂ, ರ. ಅರ್ಕಾವೊತ್ತಿಗೆ ಬೇರೆ ಮನೆ ಕೊಟ್ಟರೆ ಮುಂದಿನದೆಲ್ಲ ಕೆಡುತ್ತದೆ.

ದಿನಬಳಕೆಯ ವಸ್ತು ಬಂದರೆ ಅದರ ಇನ್ನೊಂದು ಹೆಸರು ಹುಡುಕಿ. ಸುಳಿವೇ ‘ಉಪ್ಪು’ ಅಂತಿದ್ದರೆ ಉತ್ತರ ಉಪ್ಪು ಆಗಲಾರದು, ಅಲ್ವಾ? ಅದು ಲವಣ. ತುಪ್ಪಕ್ಕೆ ಘೃತ, ಹಾಲಿಗೆ ಕ್ಷೀರ, ಜೇನಿಗೆ ಮಧು, ಮೊಸರಿಗೆ ದಧಿ. ತಿರುವುಮುರುವಾಗಿಯೂ ಕೇಳುತ್ತಾರೆ. ಊರಿನ ಹೆಸರಿದ್ದರಂತೂ ಸಲೀಸು: ಧಾರವಾಡ ಅಂದರೆ ಪೇಡ, ಗೋಕಾಕ ಅಂದರೆ ಕರದಂಟು, ಬೆಳಗಾವಿ ಅಂದರೆ ಕುಂದಾ.

ನನಗೆ ಜಾಸ್ತಿ ಇಷ್ಟ ಎರಡರ್ಥದ ಸುಳಿವು. ‘ಅಕ್ಬರನ ಮಗ ಸಕ್ಕರೆ ಪಾಕಕ್ಕೆ ಬಿದ್ದ, 4 ಮನೆ.’ ಓದಿದ ಕೂಡಲೇ ವಿಚಿತ್ರ ಅನಿಸುತ್ತದೆ. ಹಾಗೆ ಅನಿಸಿದರೆ ವಾಕ್ಯವನ್ನು ಎರಡು ತುಂಡು ಮಾಡಿ. ಅಕ್ಬರನ ಮಗ ಯಾರು? ಪಾಕದಲ್ಲಿ ನೆನೆಯುವ ಸಿಹಿ ಯಾವುದು? ಎರಡೂ ಸೇರುವ ಜಾಗ ಜಹಾಂಗೀರು. ‘ಕುದುರೆ ಮುಖದ ದೇವರು ಬಾಳೆಎಲೆಗೆ ಬಂದ’ ಅಂದರೆ ಹಯಗ್ರೀವ, ಕಡಲೆಬೇಳೆ-ಬೆಲ್ಲದ ಸಿಹಿ. ‘ತುಮಕೂರು ಜಿಲ್ಲೆಯ ತಾಲ್ಲೂಕು, ರವೆಯಲ್ಲಿ ಮಾಡಿದ್ದು’ ಅಂದರೆ ಶಿರಾ.

ಇನ್ನೊಂದು, ನಮ್ಮವರಿಗೇ ಹೇಳಿಮಾಡಿಸಿದ್ದು: ‘ಕೋವಿಯಲ್ಲೂ ಇದೆ, ಪಾಯಸದಲ್ಲೂ ಇದೆ, 2 ಮನೆ.’ ಕೊಡವರ ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ 3ಕ್ಕೆ, ಮದ್ದುಸೊಪ್ಪು ಕುದಿಸಿ, ಆ ನೇರಳೆ ನೀರಿನಲ್ಲಿ ಅಕ್ಕಿ ಬೇಯಿಸಿ ಪಾಯಸ ಮಾಡುವ ಮನೆಯವರಿಗೆ ‘ಮದ್ದು’ ತಕ್ಷಣ ಹೊಳೆಯುತ್ತದೆ. ಹೊರಗಿನವರು ಕೋವಿಯ ದಾರಿ ಹಿಡಿದೇ ಬರಬೇಕು.

ಆದರೆ ಒಂದು ಎಚ್ಚರ. ರಾಜ್ಯಕ್ಕೆಲ್ಲ ಹೋಗುವ ಪದಬಂಧದಲ್ಲಿ ‘ಅಕ್ಕಿಹಿಟ್ಟಿನ ಎಳೆ ಎಳೆ ತಿಂಡಿ, 3 ಮನೆ’ ಅಂತ ಕಂಡರೆ ನಮ್ಮ ಕೈ ನೇರ ನೂಪುಟ್ಟಿಗೆ ಹೋಗುತ್ತದೆ. ಲೆಕ್ಕ ಸರಿಯಾಗಿಯೇ ಇರುತ್ತದೆ. ಆದರೂ ಅದನ್ನು ಕಟ್ಟಿದವರ ತಲೆಯಲ್ಲಿ ಇದ್ದದ್ದು ಶ್ಯಾವಿಗೆ.