ನಕ್ಷತ್ರಗಳೆಲ್ಲ ಗೆರೆ ಗೆರೆಯಾಗಿ ಬರುತ್ತಿವೆ, ದೊಡ್ಡ ಟೆಲಿಸ್ಕೋಪ್ ಕೊಳ್ಳಲೇ?

ಪ್ರಶ್ನೆ: ನನ್ನ ಹತ್ತಿರ 80 ಮಿ.ಮೀ. ವ್ಯಾಸ, 400 ಮಿ.ಮೀ. ಫೋಕಲ್ ಲೆಂತ್‌ನ ಸಣ್ಣ ಟೆಲಿಸ್ಕೋಪ್ ಇದೆ. ಅದಕ್ಕೆ ಡಿಎಸ್‌ಎಲ್‌ಆರ್ ಜೋಡಿಸಿ, ಸಾದಾ ಟ್ರೈಪಾಡ್ ಮೇಲಿಟ್ಟು, ಮಹಾವ್ಯಾಧದ (ಒರಾಯನ್ ನಕ್ಷತ್ರಪುಂಜದ) ನೀಹಾರಿಕೆಯನ್ನು 10 ಸೆಕೆಂಡ್ ಎಕ್ಸ್‌ಪೋಷರ್‌ನಲ್ಲಿ ತೆಗೆದರೆ ನಕ್ಷತ್ರಗಳೆಲ್ಲ ಗೆರೆಯಾಗುತ್ತವೆ. ಎಕ್ಸ್‌ಪೋಷರ್ ಕಡಿಮೆ ಮಾಡಿದರೆ ನೀಹಾರಿಕೆಯೇ ಕಾಣುವುದಿಲ್ಲ. ದೊಡ್ಡ ಟೆಲಿಸ್ಕೋಪ್ ತೆಗೆದುಕೊಂಡರೆ ಸರಿಹೋದೀತೇ?

ಉತ್ತರ: ಇಲ್ಲ. ಫೋಕಲ್ ಲೆಂತ್ ಎಂದರೆ ಲೆನ್ಸಿನಿಂದ ಚಿತ್ರ ಮೂಡುವ ಜಾಗದವರೆಗಿನ ದೂರ, ದೊಡ್ಡ ಟೆಲಿಸ್ಕೋಪುಗಳಲ್ಲಿ ಅದು ಸಾಮಾನ್ಯವಾಗಿ ಹೆಚ್ಚು. ಅದೇ ಟ್ರೈಪಾಡಿನ ಮೇಲೆ ಹೆಚ್ಚು ಫೋಕಲ್ ಲೆಂತ್‌ನ ಟೆಲಿಸ್ಕೋಪ್ ಕೂರಿಸಿದರೆ ಗೆರೆ ಇನ್ನೂ ಉದ್ದವಾಗುತ್ತದೆ. ಲೆಕ್ಕ ಹಾಕಿ ನೋಡಿ. ಭೂಮಿ ತಿರುಗುವುದರಿಂದ ಆಕಾಶ ಪ್ರತಿ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಸರಿಯುತ್ತದೆ (ಒಂದು ಡಿಗ್ರಿಗೆ 3,600 ಆರ್ಕ್‌ಸೆಕೆಂಡ್). ಒಂದು ಪಿಕ್ಸೆಲ್ ಆಕಾಶದಲ್ಲಿ ಎಷ್ಟು ಜಾಗ ಹಿಡಿಯುತ್ತದೆ ಎಂದು ತಿಳಿಯಲು ಪಿಕ್ಸೆಲ್ಲಿನ ಅಳತೆಯನ್ನು ಮೈಕ್ರಾನ್‌ನಲ್ಲಿ ತೆಗೆದುಕೊಂಡು 206ರಿಂದ ಗುಣಿಸಿ, ಫೋಕಲ್ ಲೆಂತ್‌ನಿಂದ ಭಾಗಿಸಿ. ನಿಮ್ಮದು 3.7 ಮೈಕ್ರಾನ್ ಪಿಕ್ಸೆಲ್ಲಿನ ಕ್ಯಾಮೆರಾ ಎಂದಿಟ್ಟುಕೊಂಡರೆ ಉತ್ತರ 1.9 ಆರ್ಕ್‌ಸೆಕೆಂಡ್. 10 ಸೆಕೆಂಡಿನಲ್ಲಿ ನಕ್ಷತ್ರ 150 ಆರ್ಕ್‌ಸೆಕೆಂಡ್ ಸರಿದಿರುತ್ತದೆ, ಅಂದರೆ ಸುಮಾರು 80 ಪಿಕ್ಸೆಲ್. ನೀವು ನೋಡುತ್ತಿರುವ ಗೆರೆ ಅದೇ. ಫೋಕಲ್ ಲೆಂತ್ 800 ಆದರೆ 160 ಪಿಕ್ಸೆಲ್.

ಹೆನ್ರಿ ಡ್ರೇಪರ್ ಇದೇ ನೀಹಾರಿಕೆಯ ಮೊದಲ ಫೋಟೋವನ್ನು 1880ರ ಸೆಪ್ಟೆಂಬರ್ 30ರಂದು ತೆಗೆದಾಗ ಸುಮಾರು 50 ನಿಮಿಷ ಎಕ್ಸ್‌ಪೋಷರ್ ಕೊಡಬೇಕಾಯಿತು. ಅಷ್ಟು ಹೊತ್ತು 11 ಇಂಚಿನ ಟೆಲಿಸ್ಕೋಪ್ ಆಕಾಶದ ಜೊತೆ ತಿರುಗುತ್ತಲೇ ಇತ್ತು. ಈಗಲೂ ಆಟ ಅದೇ. ಕೈಯಲ್ಲಿರುವ ದುಡ್ಡನ್ನು ಮೊದಲು ಮೌಂಟಿಗೆ, ಅಂದರೆ ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ತಳಕ್ಕೆ, ಹಾಕಿ. 80 ಮಿ.ಮೀ. ಟೆಲಿಸ್ಕೋಪ್ ಕಲಿಯುವವರಿಗೆ ಧಾರಾಳವಾಗಿ ಸಾಕು. ಎಪಿಎಸ್-ಸಿ ಕ್ಯಾಮೆರಾದೊಡನೆ (ಸಾಮಾನ್ಯ ಡಿಎಸ್ಎಲ್ಆರ್‌ಗಳಲ್ಲಿರುವ ಸೆನ್ಸರ್ ಅಳತೆ) ಅದು ಆಕಾಶದ 3.2 × 2.1 ಡಿಗ್ರಿ ಹಿಡಿಯುತ್ತದೆ. ಒಂದು ಡಿಗ್ರಿಯಷ್ಟು ಅಗಲದ ಮಹಾವ್ಯಾಧ ನೀಹಾರಿಕೆ, ಕೃತ್ತಿಕಾ ನಕ್ಷತ್ರಗುಚ್ಛ ಎರಡೂ ಅದರಲ್ಲಿ ಆರಾಮಾಗಿ ಕೂರುತ್ತವೆ.

ಬೇಕಾದದ್ದು ಮೋಟಾರಿರುವ ಈಕ್ವಟೋರಿಯಲ್ ಮೌಂಟ್, ಅಂದರೆ ಭೂಮಿಯ ಅಕ್ಷಕ್ಕೆ ಸಮಾನಾಂತರವಾದ ಅಕ್ಷದ ಸುತ್ತ ಆಕಾಶದ ಜೊತೆ ತಿರುಗುವಂಥದ್ದು. ಎಡಕ್ಕೆ-ಬಲಕ್ಕೆ, ಮೇಲೆ-ಕೆಳಗೆ ತಿರುಗಿ ಗುರಿಯನ್ನು ತಾವೇ ಹುಡುಕುವ ಗೋಟು ಮೌಂಟ್‌ಗಳೂ ಗುರಿಯನ್ನು ಹಿಂಬಾಲಿಸುತ್ತವೆ, ಆದರೆ ಚಿತ್ರ ತನ್ನ ನಡುವಿನ ಸುತ್ತ ನಿಧಾನಕ್ಕೆ ತಿರುಗುತ್ತ ಹೋಗುತ್ತದೆ. ಅಂಥದ್ದೇ ಮನೆಯಲ್ಲಿದ್ದರೆ ಎಸೆಯಬೇಡಿ, 10 ಸೆಕೆಂಡಿನ ಚಿತ್ರಗಳನ್ನು ತೆಗೆದು ಕೆಲಸ ಶುರುಮಾಡಬಹುದು. ಕೊಳ್ಳುವಾಗ ಒಂದು ಮಾತು ನೆನಪಿರಲಿ: ಕಂಪನಿ ಹೇಳುವ ತೂಕದ ಮಿತಿ ಕಣ್ಣಲ್ಲಿ ನೋಡುವವರಿಗೆ. ಫೋಟೋಗೆ ಅದರ ಅರ್ಧದಷ್ಟು ಭಾರ ಹೇರಿದರೆ ನೆಮ್ಮದಿ.

ಈಕ್ವಟೋರಿಯಲ್ ಮೌಂಟಿನ ಅಕ್ಷ ಆಕಾಶದ ಉತ್ತರ ಧ್ರುವಕ್ಕೆ ನೇರವಾಗಿ ಮುಖ ಮಾಡಿರಬೇಕು. ಕರ್ನಾಟಕದವರಿಗೆ ತೊಡಕಿರುವುದು ಇಲ್ಲೇ. ಧ್ರುವ ಎಷ್ಟು ಎತ್ತರದಲ್ಲಿರುತ್ತದೆ ಎಂದರೆ ನಿಮ್ಮ ಊರಿನ ಅಕ್ಷಾಂಶದಷ್ಟು: ಬೆಂಗಳೂರಿನಲ್ಲಿ 13 ಡಿಗ್ರಿ, ಹುಬ್ಬಳ್ಳಿಯಲ್ಲಿ 15 ಚಿಲ್ಲರೆ, ಬೀದರಿನಲ್ಲೂ 18 ದಾಟುವುದಿಲ್ಲ. ಧ್ರುವ ನಕ್ಷತ್ರ ಪಕ್ಕದ ಮನೆಯ ಸಿಂಟೆಕ್ಸ್ ಟ್ಯಾಂಕಿನ ಹಿಂದೆಯೋ ತೆಂಗಿನ ಗರಿಯ ಹಿಂದೆಯೋ ಅಡಗಿರುವುದೇ ಹೆಚ್ಚು. ಯುರೋಪು, ಅಮೆರಿಕದವರು ಮಾಡಿದ ವಿಡಿಯೊಗಳಲ್ಲಿ ಈ ಫಜೀತಿಯ ಸುದ್ದಿಯೇ ಇರುವುದಿಲ್ಲ, ಅವರಿಗೆ ಅದು 40-50 ಡಿಗ್ರಿ ಮೇಲೆ ನಿಂತಿರುತ್ತದೆ.

ಇನ್ನೊಂದು ತೊಡಕು ಮೌಂಟಿನದ್ದೇ. ಕೆಲವು ಮೌಂಟ್‌ಗಳ ಅಕ್ಷ 15 ಡಿಗ್ರಿಗಿಂತ ಕೆಳಗೆ ಬಾಗುವುದಿಲ್ಲ. ಬಾಗಿದರೂ ಸಮತೂಕದ ಭಾರ ಹೊತ್ತ ಕೌಂಟರ್‌ವೇಟ್ ಕಂಬಿ ಹೋಗಿ ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. ಮೊದಲನೆಯದಕ್ಕೆ ಉತ್ತರದ ಕಡೆಯ ಕಾಲನ್ನು ಸ್ವಲ್ಪ ಗಿಡ್ಡ ಮಾಡಿ, ಇಡೀ ಮೌಂಟ್ ಮುಂದಕ್ಕೆ ವಾಲಿ ಬೇಕಾದ ಎರಡು ಡಿಗ್ರಿ ಸಿಗುತ್ತದೆ. ಭಾರ ಮುಂದಕ್ಕೆ ಬೀಳುವುದರಿಂದ ಉಳಿದೆರಡು ಕಾಲು ಅಗಲಕ್ಕೆ ಹರಡಿರಲಿ. ಎರಡನೆಯದಕ್ಕೆ ಟ್ರೈಪಾಡ್ ಮತ್ತು ಮೌಂಟ್ ನಡುವೆ ಹಾಕುವ ಎಕ್ಸ್‌ಟೆನ್ಷನ್ ಪಿಲ್ಲರ್ ಸಿಗುತ್ತದೆ. ದುಡ್ಡು ಕೊಡುವ ಮುಂಚೆ ಅಂಗಡಿಯವರನ್ನು ಕೇಳಬೇಕಾದ ಪ್ರಶ್ನೆ ಒಂದೇ: "ಇದು 13 ಡಿಗ್ರಿಗೆ ಇಳಿಯುತ್ತದಾ?"

ಧ್ರುವ ನಕ್ಷತ್ರ ಕಾಣುತ್ತಿದ್ದರೆ ಪೋಲಾರ್ ಸ್ಕೋಪಿನಲ್ಲಿ (ಮೌಂಟಿನ ಅಕ್ಷದೊಳಗಿರುವ ಪುಟ್ಟ ದುರ್ಬೀನು) ಕೆಲಸ ಐದು ನಿಮಿಷದ್ದು. ಆದರೆ ನಕ್ಷತ್ರವನ್ನು ನಟ್ಟನಡುವೆ ತಂದು ಮುಗಿಯಿತು ಎನ್ನಬೇಡಿ. ಅದು ನಿಜವಾದ ಧ್ರುವಬಿಂದುವಿನಿಂದ ಅರ್ಧ ಡಿಗ್ರಿಗಿಂತ ಹೆಚ್ಚು ದೂರದಲ್ಲಿದೆ. ಆ ಗಳಿಗೆಗೆ ಅದು ವೃತ್ತದ ಯಾವ ಗುರುತಿನಲ್ಲಿ ಇರಬೇಕೆಂದು ಮೊಬೈಲ್ ಆ್ಯಪ್ ಹೇಳುತ್ತದೆ.

ಕಾಣದಿದ್ದರೆ ಡ್ರಿಫ್ಟ್ ವಿಧಾನ. ಇದಕ್ಕೆ ಆಕಾಶದ ಸಮಭಾಜಕದ ಹತ್ತಿರ, ದಕ್ಷಿಣೋತ್ತರ ರೇಖೆಯ ಮೇಲಿರುವ ನಕ್ಷತ್ರ ಬೇಕು. ಮಹಾವ್ಯಾಧನ ನಡುಪಟ್ಟಿಯ ಮೂರರಲ್ಲಿ ಮಿಂಟಕಾ ಇದಕ್ಕೆಂದೇ ಇಟ್ಟ ಹಾಗಿದೆ, ಸಮಭಾಜಕದಿಂದ ಕಾಲು ಡಿಗ್ರಿಗಿಂತ ತುಸು ಹೆಚ್ಚು ದಕ್ಷಿಣಕ್ಕಿದೆ ಅಷ್ಟೆ. ಜನವರಿ ಕೊನೆಯಲ್ಲಿ ಅದು ರಾತ್ರಿ ಒಂಬತ್ತೂವರೆಯ ಆಸುಪಾಸು ನೆತ್ತಿಗೆ ಹತ್ತಿರ ಬರುತ್ತದೆ. ಮೋಟಾರು ಓಡುತ್ತಿರಲಿ. ಕ್ಯಾಮೆರಾದ ಲೈವ್ ವ್ಯೂನಲ್ಲಿ ನಕ್ಷತ್ರವನ್ನು ಹತ್ತು ಪಟ್ಟು ಹಿಗ್ಗಿಸಿ, ಪರದೆಯ ಗೆರೆಗೆ ತಾಗಿಸಿ ಐದು ನಿಮಿಷ ಬಿಡಿ. ಪರದೆಯಲ್ಲಿ ಉತ್ತರ ಯಾವ ಕಡೆ ಎಂದು ಗೊತ್ತಾಗಲು ಕೊಳವೆಯನ್ನು ಧ್ರುವದ ಕಡೆ ತುಸು ನೂಕಿ ನೋಡಿ. ನಕ್ಷತ್ರ ಸರಿದ ಕಡೆ ದಕ್ಷಿಣ. ಈಗ ನಕ್ಷತ್ರ ತಾನಾಗಿ ದಕ್ಷಿಣಕ್ಕೆ ಜಾರುತ್ತಿದ್ದರೆ ಮೌಂಟಿನ ಅಕ್ಷ ಪೂರ್ವಕ್ಕೆ ಹೆಚ್ಚು ತಿರುಗಿದೆ ಎಂದರ್ಥ, ಪಶ್ಚಿಮಕ್ಕೆ ಸರಿಸಿ. ಉತ್ತರಕ್ಕೆ ಜಾರಿದರೆ ಪೂರ್ವಕ್ಕೆ. ಆಮೇಲೆ ಪೂರ್ವದಲ್ಲಿ 20-30 ಡಿಗ್ರಿ ಎತ್ತರದ ಒಂದು ನಕ್ಷತ್ರ ಹಿಡಿಯಿರಿ: ದಕ್ಷಿಣಕ್ಕೆ ಜಾರಿದರೆ ಅಕ್ಷ ತಗ್ಗಿದೆ, ಎತ್ತಿ, ಉತ್ತರಕ್ಕೆ ಜಾರಿದರೆ ಇಳಿಸಿ. ಎರಡೂ ಕಡೆ ಐದು ನಿಮಿಷ ಕದಲದೆ ನಿಂತರೆ 30 ಸೆಕೆಂಡ್ ಎಕ್ಸ್‌ಪೋಷರ್‌ಗೆ ಧಾರಾಳವಾಯಿತು. ಲ್ಯಾಪ್‌ಟಾಪ್ ಹೊರಗೆ ತರುವವರಾದರೆ ನೀನಾ ಎಂಬ ಉಚಿತ ತಂತ್ರಾಂಶದ ಮೂರು ಬಿಂದು ಅಲೈನ್‌ಮೆಂಟ್ ಪ್ಲಗಿನ್ ಧ್ರುವ ಕಾಣದ ಕಡೆಯಿಂದಲೇ ಇದನ್ನೆಲ್ಲ ಮಾಡಿಕೊಡುತ್ತದೆ.

ಕ್ಯಾಮೆರಾ ಜೋಡಣೆಗೆ ನಿಮ್ಮ ಬ್ರ್ಯಾಂಡಿನ ಟಿ-ರಿಂಗ್ ಬೇಕು, ಲೆನ್ಸಿನ ಜಾಗದಲ್ಲಿ ಕೂತು ಕ್ಯಾಮೆರಾವನ್ನು ಟೆಲಿಸ್ಕೋಪಿಗೆ ಸೇರಿಸುವ ಬಳೆ ಅದು. ಅದರ ತಿರುಪಿನ ಎಳೆಯ (ಥ್ರೆಡ್) ಹೆಸರೂ ಎಂ42, ನೀಹಾರಿಕೆಯ ಹೆಸರೂ ಎಂ42. ಅಂತರ್ಜಾಲದಲ್ಲಿ ಹುಡುಕುವಾಗ ತಮಾಷೆಯಾಗುತ್ತದೆ. ನಿಮ್ಮಂತೆ ಲೆನ್ಸಿನ ಟೆಲಿಸ್ಕೋಪ್ ಅಲ್ಲದೆ 130 ಮಿ.ಮೀ. ಕನ್ನಡಿಯ ನ್ಯೂಟೋನಿಯನ್ ಇರುವವರಿಗೆ ಬೇರೆ ಕಾಟ: ಅಗ್ಗದ ಮಾದರಿಗಳಲ್ಲಿ ಡಿಎಸ್‌ಎಲ್‌ಆರ್ ಫೋಕಸ್ಸೇ ಆಗುವುದಿಲ್ಲ. ಟಿ-ರಿಂಗ್ ಸೇರಿ ಸೆನ್ಸರ್ 55 ಮಿ.ಮೀ. ಒಳಗೆ ಕೂತಿರುತ್ತದೆ, ಫೋಕಸ್ ಬಿಂದು ಅಷ್ಟು ಹೊರಗೆ ಬರುವುದಿಲ್ಲ. ದೊಡ್ಡ ಕನ್ನಡಿಯನ್ನು ಕೊಳವೆಯೊಳಗೆ ಮುಂದಕ್ಕೆ ಸರಿಸುವುದೋ, ಗಿಡ್ಡ ಫೋಕಸರ್ ಹಾಕುವುದೋ ದಾರಿ. ಬಾರ್ಲೋ ಲೆನ್ಸ್ ಹಾಕಿದರೂ ಫೋಕಸ್ ಆಗುತ್ತದೆ, ಆದರೆ ಫೋಕಲ್ ಲೆಂತ್ ಇಮ್ಮಡಿಯಾಗಿ ಮತ್ತೆ ಗೆರೆಯ ಸಮಸ್ಯೆಗೇ ಬಂದು ನಿಲ್ಲುತ್ತೀರಿ.

ಫೋಕಸ್‌ಗೆ ಬಾಹ್ತಿನೋವ್ ಮಾಸ್ಕ್ ತೆಗೆದುಕೊಳ್ಳಿ, ಅದು ಸೀಳುಗಳಿರುವ ಮುಚ್ಚಳ. ಅದನ್ನು ಮುಂದೆ ಸಿಕ್ಕಿಸಿ ಲುಬ್ಧಕದಂಥ ಪ್ರಖರ ನಕ್ಷತ್ರ ನೋಡಿದರೆ ಮೂರು ಕಿರಣ ಕಾಣುತ್ತವೆ. ನಡುವಿನದು ಉಳಿದೆರಡರ ಮಧ್ಯಕ್ಕೆ ಬಂದಾಗ ಫೋಕಸ್ ಸರಿ. ಮಾಸ್ಕ್ ತೆಗೆಯಲು ಮರೆಯುವುದು ಎಲ್ಲರಿಗೂ ಒಮ್ಮೆ ಆಗುವ ಶಾಸ್ತ್ರ. ರಾತ್ರಿ ತಣ್ಣಗಾದಂತೆ ಕೊಳವೆ ಕುಗ್ಗಿ ಫೋಕಸ್ ಸರಿಯುವುದರಿಂದ ಗಂಟೆಗೊಮ್ಮೆ ಮತ್ತೆ ನೋಡಿ.

ಇನ್ನು ಸೆಟ್ಟಿಂಗು. ರಾ ಫಾರ್ಮ್ಯಾಟ್, ಐಎಸ್‌ಒ 800, 30 ಸೆಕೆಂಡ್, 120 ಚಿತ್ರ. ಒಟ್ಟು ಒಂದು ಗಂಟೆ. ನೀಹಾರಿಕೆಯ ನಡುಭಾಗ ಬೆಳ್ಳಗೆ ಸುಟ್ಟುಹೋಗುತ್ತದೆ, ಅದಕ್ಕಾಗಿ 5 ಸೆಕೆಂಡಿನ 20 ಚಿತ್ರ ಬೇರೆಯಾಗಿ ತೆಗೆದಿಟ್ಟುಕೊಳ್ಳಿ. ಒಂದೇ ಚಿತ್ರ ಸಾಲದೇ ಎಂದರೆ ಸಾಲದು. ಚಿತ್ರಗಳನ್ನು ಪೇರಿಸಿದಾಗ ನೀಹಾರಿಕೆಯ ಬೆಳಕು ಚಿತ್ರಗಳ ಸಂಖ್ಯೆಯಷ್ಟು ಕೂಡುತ್ತದೆ, ಗದ್ದಲ (ಚಿತ್ರದಲ್ಲಿ ಕಾಣುವ ಕಾಳುಕಾಳು) ಅದರ ವರ್ಗಮೂಲದಷ್ಟು ಮಾತ್ರ. 100 ಚಿತ್ರಕ್ಕೆ ಹತ್ತು ಪಟ್ಟು ಲಾಭ. ಇನ್ನೆರಡು ಪಟ್ಟು ಬೇಕೆಂದರೆ 400 ಚಿತ್ರ ತೆಗೆಯಬೇಕು, ಅಲ್ಲಿಂದ ಮುಂದೆ ತಾಳ್ಮೆಯ ಪರೀಕ್ಷೆ.

ಸೆನ್ಸರ್ ತಾನೇ ಹುಟ್ಟಿಸುವ ಕಲೆ, ಗದ್ದಲಗಳನ್ನು ಆಮೇಲೆ ಕಳೆಯಲು ಕೆಲವು ಚಿತ್ರ ಬೇಕು. ಮುಗಿದ ಮೇಲೆ ಮುಚ್ಚಳ ಹಾಕಿ ಅದೇ ಐಎಸ್‌ಒ, ಅದೇ 30 ಸೆಕೆಂಡಿನ 20 ಡಾರ್ಕ್ ಚಿತ್ರ ತೆಗೆಯಿರಿ. ಅಲ್ಲೇ ಹೊರಗೆ, ಅದೇ ಚಳಿಯಲ್ಲಿ. ಮನೆಯೊಳಗೆ ತಂದು ತೆಗೆದರೆ ಸೆನ್ಸರಿನ ಬಿಸಿ ಬೇರೆಯಾಗಿ ಪ್ರಯೋಜನವಿಲ್ಲ. ಮುಚ್ಚಳ ಹಾಕಿಯೇ ಅತಿ ವೇಗದ ಶಟರಿನಲ್ಲಿ 30 ಬಯಾಸ್ ಚಿತ್ರ. ಆಮೇಲೆ ಕ್ಯಾಮೆರಾ ಕಳಚದೆ, ಫೋಕಸ್ ಮುಟ್ಟದೆ, ಬಾಯಿಗೆ ಬಿಳಿ ಬನಿಯನ್ ಬಟ್ಟೆ ಸುಕ್ಕಿಲ್ಲದಂತೆ ಬಿಗಿದು ಮುಂಜಾನೆಯ ಆಕಾಶಕ್ಕೋ ಲ್ಯಾಪ್‌ಟಾಪಿನ ಬಿಳಿ ಪರದೆಗೋ ಹಿಡಿದು 25 ಫ್ಲಾಟ್ ಚಿತ್ರ, ಹಿಸ್ಟೋಗ್ರಾಂ (ಚಿತ್ರದ ಕತ್ತಲೆ-ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಗುಡ್ಡ ಮಧ್ಯದಲ್ಲಿರುವಂತೆ. ಇದನ್ನು ಬಿಟ್ಟವರ ಚಿತ್ರದಲ್ಲಿ ಸೆನ್ಸರಿನ ಧೂಳು ಉದ್ದಿನವಡೆಯ ಆಕಾರದಲ್ಲಿ ಎದ್ದು ಕಾಣುತ್ತದೆ.

ಪೇರಿಸಲು ಸಿರಿಲ್ ಎಂಬ ತಂತ್ರಾಂಶ ಉಚಿತ. ಲೈಟ್ಸ್, ಡಾರ್ಕ್ಸ್, ಫ್ಲಾಟ್ಸ್, ಬಯಾಸಸ್ ಎಂಬ ನಾಲ್ಕು ಫೋಲ್ಡರಿನಲ್ಲಿ ಚಿತ್ರ ತುಂಬಿ ಸ್ಕ್ರಿಪ್ಟ್ ಓಡಿಸಿ. ಫಲಿತಾಂಶ ತೆರೆದಾಗ ಪರದೆ ಕಪ್ಪು, ನಾಲ್ಕಾರು ಚುಕ್ಕೆ. ಹೌಹಾರಬೇಡಿ, ಮಾಹಿತಿಯೆಲ್ಲ ಕತ್ತಲ ಅಂಚಿನಲ್ಲಿ ಒತ್ತಿಕೊಂಡಿದೆ. ಆಟೋಸ್ಟ್ರೆಚ್ ಆರಿಸಿದರೆ ನೀಹಾರಿಕೆ ಕಾಣುತ್ತದೆ, ಆದರೆ ಅದು ತೋರಿಕೆಗೆ ಮಾತ್ರ. ಹಿಸ್ಟೋಗ್ರಾಂನಲ್ಲಿ ನಿಜವಾಗಿ ಹಿಗ್ಗಿಸದೆ ಜೆಪೆಗ್ ಉಳಿಸಿದರೆ ಮತ್ತೆ ಕಪ್ಪು ಚಿತ್ರವೇ. ಹಿಗ್ಗಿಸುವ ಮುಂಚೆ ಬ್ಯಾಕ್‌ಗ್ರೌಂಡ್ ಎಕ್ಸ್‌ಟ್ರಾಕ್ಷನ್ ಮಾಡಿ, ಊರಿನ ದೀಪದ ಮಬ್ಬು ಬಹುಪಾಲು ಹೋಗುತ್ತದೆ.

ಆಗಲೂ ನಕ್ಷತ್ರ ದುಂಡಗಿಲ್ಲದಿದ್ದರೆ ಅವುಗಳ ಆಕಾರವೇ ಕಾರಣ ಹೇಳುತ್ತದೆ. ಇಡೀ ಚಿತ್ರದಲ್ಲಿ ಎಲ್ಲವೂ ಒಂದೇ ದಿಕ್ಕಿಗೆ ಎಳೆದಿದ್ದರೆ ಅಕ್ಷವನ್ನು ಧ್ರುವಕ್ಕೆ ಹೊಂದಿಸಿದ್ದರ ಅಥವಾ ಮೋಟಾರಿನ ಹಲ್ಲುಗಳ ದೋಷ. ನಡುವೆ ದುಂಡಗೆ, ನಾಲ್ಕೂ ಮೂಲೆಯಲ್ಲಿ ಹೊರಕ್ಕೆ ಚಾಚಿದ್ದರೆ ಫೀಲ್ಡ್ ಫ್ಲಾಟ್ನರ್ (ಚಿತ್ರದ ಅಂಚನ್ನು ನೇರ ಮಾಡುವ ಲೆನ್ಸ್) ಇಲ್ಲ, ಇಲ್ಲವೇ ಅದರ ಅಂತರ ತಪ್ಪಿದೆ. ಒಂದೇ ಮೂಲೆ ಕೆಟ್ಟಿದ್ದರೆ ಕ್ಯಾಮೆರಾ ವಾಲಿದೆ, ಸ್ಕ್ರೂ ಬಿಗಿ ಮಾಡಿ. ಅಂಕುಡೊಂಕಾಗಿದ್ದರೆ ಗಾಳಿ, ಅಥವಾ ಜೋತಾಡುವ ಕೇಬಲ್. ನಕ್ಷತ್ರದ ಸುತ್ತ ನೇರಳೆ ಬಳೆ ಇದ್ದರೆ ಅದು ಸಾದಾ ಗಾಜಿನ ಅಕ್ರೊಮ್ಯಾಟ್ ಲೆನ್ಸಿನ ಗುಣ, ನಿಮ್ಮ ತಪ್ಪಲ್ಲ. ಹೊತ್ತು ಕಳೆದಂತೆ ಎಲ್ಲವೂ ಮಬ್ಬಾಗುತ್ತಿದ್ದರೆ ಲೆನ್ಸಿನ ಮೇಲೆ ಇಬ್ಬನಿ ಕೂತಿದೆ. ಬಟ್ಟೆಯಲ್ಲಿ ಒರೆಸದೆ, ಯುಎಸ್‌ಬಿಯಲ್ಲಿ ನಡೆಯುವ ಹೀಟರ್ ಪಟ್ಟಿ ಸುತ್ತಿ.

ಮಹಾವ್ಯಾಧ ಪಶ್ಚಿಮಕ್ಕೆ ಇಳಿದ ಮೇಲೆ ಏಪ್ರಿಲ್‌ನಲ್ಲಿ ದಕ್ಷಿಣದ ಬಯಲಿಗೆ ತಿರುಗಿ. ಒಮೆಗಾ ಸೆಂಟಾರಿ ನಕ್ಷತ್ರಗುಚ್ಛ ಬೆಂಗಳೂರಿನಿಂದ 29 ಡಿಗ್ರಿ ಎತ್ತರಕ್ಕೆ ಏರುತ್ತದೆ. ಧ್ರುವ ನಕ್ಷತ್ರವನ್ನು ತಲೆಯ ಮೇಲಿಟ್ಟುಕೊಂಡಿರುವ ಲಂಡನ್ನಿನವರಿಗೆ ಅದು ದಿಗಂತದಿಂದ ಮೇಲೆ ಬರುವುದೇ ಇಲ್ಲ.