ಇಬ್ಬರದೂ ಕೈ ಮುರಿದದ್ದೇ, ಆಪರೇಷನ್ ಒಬ್ಬರಿಗೆ ಮಾತ್ರ ಯಾಕೆ?

ಪ್ರಶ್ನೆ: ಪಾಚಿ ಹಿಡಿದ ಅಂಗಳದಲ್ಲಿ ಜಾರಿ ಅಮ್ಮನ ಮಣಿಕಟ್ಟಿನ ಎಲುಬು ಮುರಿಯಿತು. ಪ್ಲೇಟ್ ಹಾಕಬೇಕು ಅಂದರು. ಪೇರಳೆ ಮರದಿಂದ ಬಿದ್ದ ಪಕ್ಕದ ಮನೆಯ ಹುಡುಗನಿಗೆ ಬರೀ ಪ್ಲಾಸ್ಟರ್ ಸಾಕಾಯಿತು. ಯಾಕೆ ಹೀಗೆ?
– ಬದಿಯಡ್ಕದ ಓದುಗರು

ಉತ್ತರ: ಹುಡುಗನ ವಯಸ್ಸಿನಲ್ಲೇ ಅರ್ಧ ಉತ್ತರ ಇದೆ. ಮಕ್ಕಳ ಎಲುಬು ಹಸಿ ಕೋಲಿನ ಹಾಗೆ. ಒಂದು ಬದಿ ಸೀಳಿದರೂ ಇನ್ನೊಂದು ಬದಿ ಬಾಗಿ ಉಳಿಯುತ್ತದೆ. ಡಾಕ್ಟರು ಇದನ್ನು ಗ್ರೀನ್‌ಸ್ಟಿಕ್ ಅನ್ನುತ್ತಾರೆ. ಬೆಳೆಯುವ ಎಲುಬಾದ್ದರಿಂದ ಸ್ವಲ್ಪ ಸೊಟ್ಟ ಇದ್ದರೂ ಎಷ್ಟೋ ಸಲ ತಾನಾಗಿ ನೆಟ್ಟಗಾಗುತ್ತದೆ. ಆದರೆ ಎಲುಬಿನ ತುದಿಯ ಬೆಳೆಯುವ ಪದರಕ್ಕೆ ಪೆಟ್ಟಾದರೆ ಸುಮ್ನೆ ಬಿಡುವಂತಿಲ್ಲ. ಸಾಲ್ಟರ್ ಮತ್ತು ಹ್ಯಾರಿಸ್ ಎಂಬ ಇಬ್ಬರು ಡಾಕ್ಟರು 1963ರಲ್ಲಿ ಇಂಥವನ್ನು 5 ಬಗೆ ಮಾಡಿದರು. ಐದನೆಯದರಲ್ಲಿ ಪದರ ಜಜ್ಜಿಹೋಗಿರುತ್ತದೆ. ಮೊದಲ ಎಕ್ಸ್‌ರೇಯಲ್ಲಿ ಅದು ಕಾಣದೆಯೂ ಇರಬಹುದು. ಮತ್ತೆ ಬನ್ನಿ ಅಂದ ದಿನ ತಪ್ಪಿಸಬೇಡಿ.

ಇನ್ನು ಅಮ್ಮನ ವಿಷಯ. ಮುಟ್ಟು ನಿಂತ ಮೇಲೆ ಎಲುಬು ಟೊಳ್ಳಾಗುತ್ತಾ ಬರುತ್ತದೆ. ಬೀಳುವಾಗ ಕೈ ಊರಿದರೆ ಮಣಿಕಟ್ಟಿನ ಹತ್ತಿರವೇ ಮುರಿಯುವುದು ಜಾಸ್ತಿ. ಅಬ್ರಹಾಂ ಕಾಲಿಸ್ ಎಂಬ ಸರ್ಜನ್ ಇದನ್ನು ಬರೆದಿಟ್ಟದ್ದು 1814ರಲ್ಲಿ, ಎಕ್ಸ್‌ರೇ ಇಲ್ಲದ ಕಾಲದಲ್ಲಿ! ಇದೂ ಎಷ್ಟೋ ಜನರಿಗೆ ಪ್ಲಾಸ್ಟರಿನಲ್ಲೇ ಕೂಡಿಕೊಳ್ಳುತ್ತದೆ. ಎಳೆದು ಕೂರಿಸಿದರೂ ತುಂಡು ಜಾರುತ್ತಿದ್ದರೆ, ಚೂರುಚೂರಾಗಿದ್ದರೆ, ಸೀಳು ಗಂಟಿನ (ಎಲುಬುಗಳು ಸೇರುವ ಕೀಲಿನ) ಒಳಗೆ ಹೋಗಿದ್ದರೆ ಪ್ಲೇಟಿನ ಮಾತು ಬರುತ್ತದೆ. ಗಂಟಿನೊಳಗೆ ಏರುತಗ್ಗು ಉಳಿದರೆ ಮುಂದೆ ಬಿಗಿತ, ನೋವು. "ಎಲುಬು ಸರಿದಿದೆಯಾ? ಸೀಳು ಗಂಟಿಗೆ ಹೋಗಿದೆಯಾ?" ಇಷ್ಟನ್ನು ಡಾಕ್ಟರ ಹತ್ತಿರ ಧೈರ್ಯವಾಗಿ ಕೇಳಿ.

ಮುರಿದ ಜಾಗದಲ್ಲಿ ಚರ್ಮವೂ ಒಡೆದಿದ್ದರೆ ಲೆಕ್ಕವೇ ಬೇರೆ. ಇಂಥ ಮುರಿತಗಳನ್ನು ಡಾಕ್ಟರು ವಿಂಗಡಿಸುವ ಗಸ್ಟಿಲೊ–ಆಂಡರ್ಸನ್ ಪಟ್ಟಿಯಲ್ಲಿ 1 ಸೆಂಟಿಮೀಟರಿಗಿಂತ ಚಿಕ್ಕ ಗಾಯಕ್ಕೂ ಜಾಗವಿದೆ, ಯಾಕೆಂದರೆ ಆ ತೂತಿನಿಂದಲೇ ಎಲುಬಿಗೆ ಕೀವು ಇಳಿಯಬಹುದು. ಅದಕ್ಕೆ ಎಣ್ಣೆ, ಸೊಪ್ಪು ಕಟ್ಟಿಸಲು ಹೋಗಬೇಡಿ. ಶುದ್ಧ ಬಟ್ಟೆ ಮುಚ್ಚಿ ನೇರ ಆಸ್ಪತ್ರೆಗೆ ಹೋಗಿ.

ಅಡಿಕೆ ಮರದಿಂದ ಬಿದ್ದವರ ಬಗ್ಗೆಯೂ ಒಂದು ಮಾತು, ನಮ್ಮ ಕಡೆ ಅದೇ ಅಲ್ವಾ ದೊಡ್ಡ ಭಯ. ಕಾಲೂರಿ ಬಿದ್ದು ಹಿಮ್ಮಡಿ ಮುರಿದರೆ ಆ ಪೆಟ್ಟು ಸೊಂಟದ ಮೇಲಿನ ಬೆನ್ನೆಲುಬಿಗೂ ಏರಿ, ಅದು ಅಮುಕಿಹೋಗಿರಬಹುದು. ಹಿಮ್ಮಡಿಯ ನೋವಿನಲ್ಲಿ ಬೆನ್ನಿನ ನೋವು ಗೊತ್ತಾಗದೆಯೂ ಇರಬಹುದು. ಅವರನ್ನು ಎಬ್ಬಿಸಿ ಆಟೋದಲ್ಲಿ ಕೂರಿಸಬೇಡಿ. ಆಂಬುಲೆನ್ಸಿಗೆ 108 ಒತ್ತಿ. ಎಷ್ಟು ಎತ್ತರದಿಂದ ಬಿದ್ದರು, ಹೇಗೆ ಬಿದ್ದರು ಎಂದು ಆಸ್ಪತ್ರೆಯಲ್ಲಿ ಮೊದಲೇ ಹೇಳಿ. ಆಗ ಬೆನ್ನಿನ ಎಕ್ಸ್‌ರೇಯನ್ನೂ ತೆಗೆಯುತ್ತಾರೆ.