ಹಳೆಯ ಸಿಂಥಸೈಸರ್ ದನಿ ನೆನಪನ್ನು ಕೆದಕುವ ಬಗೆ

2016ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯ ಶೀರ್ಷಿಕೆ ಸಂಗೀತವನ್ನು ಟೆಕ್ಸಾಸ್‌ನ ಆಸ್ಟಿನ್ ನಗರದ ಕೈಲ್ ಡಿಕ್ಸನ್ ಮತ್ತು ಮೈಕೆಲ್ ಸ್ಟೈನ್ ರಚಿಸಿದರು. ಮರುವರ್ಷ ಅದಕ್ಕೆ ಎಮ್ಮಿ ಪ್ರಶಸ್ತಿ ದೊರೆಯಿತು. ಕಥೆ ಆರಂಭವಾಗುವುದು 1983ರಲ್ಲಿ, ಅಮೆರಿಕದ ಇಂಡಿಯಾನಾ ರಾಜ್ಯದ ಕಲ್ಪಿತ ಊರೊಂದರಲ್ಲಿ. ಆ ಸಂಗೀತ ಕೇಳಿದೊಡನೆ ಮನಸ್ಸು ಆ ಕಾಲಕ್ಕೆ ಸರಿಯುವುದೇಕೆ? ಅದರಲ್ಲಿ ಕೇಳಿಸುವ ಸಿಂಥಸೈಸರ್, ಅಂದರೆ ವಿದ್ಯುತ್ತಿನಿಂದ ದನಿ ಹುಟ್ಟಿಸುವ ವಾದ್ಯ, ಹಳೆಯದು ಎಂಬ ಉತ್ತರ ಸಾಲದು. ಪಿಯಾನೊ ಅದಕ್ಕಿಂತ ಎಷ್ಟೋ ಹಳೆಯದು. ಅದನ್ನು ಕೇಳಿ ಯಾರಿಗೂ ಒಂದು ಇಸವಿ ನೆನಪಾಗುವುದಿಲ್ಲ.

ಅಂಕಿಗಳ ಲೆಕ್ಕದಿಂದಲ್ಲದೆ ನೇರವಾಗಿ ವಿದ್ಯುತ್ ಅಲೆಗಳಿಂದ ದನಿ ಹುಟ್ಟಿಸುವ, ಹಲವು ಸ್ವರಗಳನ್ನು ಒಟ್ಟಿಗೆ ನುಡಿಸಬಲ್ಲ ಅನಲಾಗ್ ಸಿಂಥಸೈಸರ್‌ನ ಮೆರೆತ ಅಲ್ಪಕಾಲದ್ದು. ಐದು ಸ್ವರಗಳನ್ನು ಒಟ್ಟಿಗೆ ನುಡಿಸಬಲ್ಲ ಪ್ರಾಫೆಟ್-5 ಬಂದದ್ದು 1978ರಲ್ಲಿ. ಯಮಹಾದ ಡಿಜಿಟಲ್ ಡಿಎಕ್ಸ್7 ಬಂದು ಅಂಥ ವಾದ್ಯಗಳನ್ನು ಬದಿಗೆ ಸರಿಸತೊಡಗಿದ್ದು 1983ರಲ್ಲಿ, ಅಂದರೆ ಈ ಕಥೆಯ ವರ್ಷದಲ್ಲೇ. ಇಷ್ಟು ಕಿರಿದಾದ ಅವಧಿಗೆ ಅಂಟಿಕೊಂಡದ್ದರಿಂದಲೇ ಆ ದನಿ ಅಂಚೆ ಮುದ್ರೆಯಂತೆ ತಾರೀಖನ್ನು ಹೊತ್ತು ಬರುತ್ತದೆ.

ಇನ್ನೊಂದು ಕಾರಣ ವಾದ್ಯದ ಒಳಗೇ ಇದೆ. ಪ್ರಾಫೆಟ್-5ರ ಐದು ದನಿಗಳಲ್ಲಿ ಪ್ರತಿಯೊಂದಕ್ಕೂ ಎರಡೆರಡು ಆಸಿಲೇಟರ್‌ಗಳು (ಸ್ವರ ಹುಟ್ಟಿಸುವ ವಿದ್ಯುತ್ ಭಾಗಗಳು) ಇದ್ದು, ಅವುಗಳ ಶ್ರುತಿಯನ್ನು ವೋಲ್ಟೇಜ್ ನಿರ್ಧರಿಸುವುದರಿಂದ, ಕೋಣೆ ಬಿಸಿಯಾದರೂ ಸಾಕು, ಹತ್ತೂ ತಮ್ಮತಮ್ಮ ದಾರಿಯಲ್ಲಿ ಕೂದಲೆಳೆಯಷ್ಟು ಜಾರುತ್ತವೆ. ಸರಿಪಡಿಸಲೆಂದೇ ಅದರಲ್ಲಿ ‘ಟ್ಯೂನ್’ ಗುಂಡಿಯಿತ್ತು. ಈ ಅಲುಗಾಟ, ಸವೆದ ಕ್ಯಾಸೆಟ್ ಟೇಪಿನ ತೂಗಾಟವನ್ನು ಹೋಲುತ್ತದೆ. ಬಹಳ ಸಲ ಬಳಸಿದ ವಸ್ತುವಿನ ಗುರುತಾಗಿ ಕಿವಿ ಅದನ್ನು ಗ್ರಹಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಸ್ವರಗಳ ಆಯ್ಕೆಯೂ ಗಮನಾರ್ಹ. ಶೀರ್ಷಿಕೆ ಸಂಗೀತದ ಎಂಟು ಸ್ವರಗಳು ನಮ್ಮ ಲೆಕ್ಕದಲ್ಲಿ ಸ ಗ ಪ ನಿ ಸ ನಿ ಪ ಗ. ಗಾಂಧಾರ, ನಿಷಾದಗಳು ಶಂಕರಾಭರಣದವು. ಕಾಕಲಿ ನಿಷಾದವು ಅರ್ಧ ಸ್ವರದಷ್ಟೇ ದೂರವಿರುವ ತಾರ ಷಡ್ಜವನ್ನು ಮುಟ್ಟಿ, ಅಲ್ಲಿ ನೆಲೆಸದೆ ಇಳಿದುಬಿಡುತ್ತದೆ. (ಹಾರ್ಮೋನಿಯಂನಲ್ಲಿ ನುಡಿಸಿ ನೋಡಿ, ಸ್ವರಗಳು ಸಿಗುತ್ತವೆ, ಇಸವಿ ಸಿಗುವುದಿಲ್ಲ.) ಜೊತೆಗೆ ದನಿಯ ಹೊಳಪನ್ನು ತಡೆಯುವ ಇಲ್ಲವೇ ಬಿಡುವ ಫಿಲ್ಟರ್ ನಿಧಾನವಾಗಿ ತೆರೆದು ಮುಚ್ಚುವುದರಿಂದ ಅದೇ ಎಂಟು ಸ್ವರಗಳು ಒಮ್ಮೆ ಮಂಕಾಗಿ, ಒಮ್ಮೆ ಹೊಳೆದು ಕೇಳಿಸುತ್ತವೆ.

1983ರಲ್ಲಿ ಹುಟ್ಟಿರದವರಿಗೂ ಇದು ನೆನಪಿನಂತೆಯೇ ತಟ್ಟುತ್ತದೆ. ಆ ಕಾಲದ ಚಲನಚಿತ್ರಗಳನ್ನು ನೋಡಿ ಕಲಿತ, ಎರವಲು ತಂದ ನೆನಪು ಅದು. ಪ್ರಾಫೆಟ್-5ನ್ನು 2020ರಲ್ಲಿ ಮರಳಿ ತಯಾರಿಸಿದಾಗ ಅದರ ಶ್ರುತಿ ಗಟ್ಟಿಯಾಗಿ ನಿಲ್ಲುತ್ತಿತ್ತು. ಆದ್ದರಿಂದ ಹಿಂದಿನ ಅಸ್ಥಿರತೆಯನ್ನು ಬೇಕಾದಷ್ಟು ಬೆರೆಸಿಕೊಳ್ಳಲು ‘ವಿಂಟೇಜ್’ ಎಂಬ ತಿರುಗುಗುಂಡಿಯನ್ನು ಪ್ರತ್ಯೇಕವಾಗಿ ಕೂರಿಸಲಾಯಿತು.